ಸೇತುವೆಯಾಚೆಯ ನುಡಿ

ಸೋಪಿನ ಪುಡಿಯ ಮೂಟೆ ಇಳಿಸುತ್ತಿದ್ದ ಲಾರಿ ಡ್ರೈವರ್‌ನ ಬಾಯಲ್ಲಿ ತನ್ನ ಹಾಡು ಕೇಳಿದ್ದೇ ತಡ, ಆಸ್ಪತ್ರೆಯ ಬಟ್ಟೆ ಒಗೆಯುವವಳು ಕೈಯಲ್ಲಿದ್ದ ಒದ್ದೆ ಚಾದರವನ್ನು ಹಾಗೇ ನೆಲಕ್ಕೆ ಬಿಟ್ಟಳು.

ಸುಟ್ಟೂರ ಹೊಗೆಯೇ, ಬೆನ್ನಟ್ಟಿ ಬರಬೇಡ
ಬಿಟ್ಟ ಬಾಗಿಲನು ಬಡಿಯುವ ಗಾಳಿಯೇ
ಮುಟ್ಟಿಸು ನಮ್ಮ ಸುದ್ದಿಯ

ಎರಡು ಕಡೆಯವರ ಗಲಭೆಯಲ್ಲಿ ಊರಿಗೆ ಬೆಂಕಿ ಬಿದ್ದ ದಿನ ಅವಳೇ ಕಟ್ಟಿದ ನುಡಿ ಅದು. ತುಂಬು ಬಸುರಿ ತಂಗಿ ದಾರಿಯಲ್ಲಿ ಕಾಲು ಸೋತು ಕುಸಿದಾಗಲೆಲ್ಲ ಅದನ್ನೇ ಹಾಡಿ ಎಬ್ಬಿಸಿದ್ದಳು. ಸೇತುವೆಯ ನೂಕುನುಗ್ಗಲಲ್ಲಿ ತಂಗಿಯ ಕೈ ತಪ್ಪಿ, ತಾನು ಈಚೆಯೇ ಉಳಿದಳು. ಆಮೇಲೆ ಸೇತುವೆಯನ್ನೇ ಮುಚ್ಚಿದರು. ಸರಕಿನ ಲಾರಿ ಬಿಟ್ಟರೆ ನರಪಿಳ್ಳೆಯೂ ದಾಟುವಂತಿರಲಿಲ್ಲ. ತಂಗಿ ಇದ್ದಾಳೋ ಇಲ್ಲವೋ, ಯಾರನ್ನು ಕೇಳುವುದು?

"ಈ ಹಾಡು ಎಲ್ಲಿ ಕಲಿತ್ರಣ್ಣ?"

"ಸೇತುವೆ ಆಚೆ ಶಿಬಿರದಲ್ಲಿ. ನೀರಿಗೆ ನಿಂತ ಹೆಂಗಸರೆಲ್ಲ ಹಾಡ್ತಾರಕ್ಕ. ಕತ್ತೆ ಕಂಠದ ನನ್ನ ಬಾಯಿಗೂ ಬಂದುಬಿಟ್ಟಿದೆ. ಮುಂದಿನ ನುಡಿ ಇನ್ನೂ ಚೆನ್ನಾಗಿದೆ."

ಮುಂದಿನ ನುಡಿಯೇ? ಅವಳು ಕಟ್ಟಿದ್ದು ಒಂದೇ ನುಡಿ.

ಡ್ರೈವರ್ ಮೂಟೆಯ ಮೇಲೆ ತಾಳ ಹಾಕುತ್ತ ಹಾಡಿದ:

ಗುಂಗುರಕ್ಕ ಕೇಳೆ, ಸೇತುವೆಯ ದಾಟಿದೆ
ತಂಗಿ ನಿನ್ನವಳು ಒಂಟಿಯಲ್ಲ ಈಗ
ತಿಂಗಳ ಕೂಸು ಮಡಿಲಲ್ಲಿ

ಅವಳ ಗುಂಗುರು ಕೂದಲಿಗೆ ಆ ಹೆಸರಿಟ್ಟು ಕರೆಯುತ್ತಿದ್ದವಳು ಭೂಮಿಯ ಮೇಲೆ ಒಬ್ಬಳೇ. ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ಗೆಳತಿಯನ್ನು ಬಾಚಿ ತಬ್ಬಿಕೊಂಡಳು. "ಬದುಕಿದ್ದಾಳೆ ಕಣೇ. ನಾನು ದೊಡ್ಡಮ್ಮ ಆಗ್ಬಿಟ್ಟೆ."

"ಮೊದಲು ಇಸ್ತ್ರಿಪೆಟ್ಟಿಗೆ ಕೆಳಗಿಡೋಕೆ ಬಿಡೇ, ದೊಡ್ಡಮ್ಮ. ಇಬ್ರೂ ಸುಟ್ಟುಹೋಗ್ತೀವಿ," ಎಂದ ಗೆಳತಿಯ ಕಣ್ಣೂ ತುಂಬಿತ್ತು.

"ತಂಗಿ ಹೆಸರು ಹೇಳಕ್ಕ," ಎಂದ ಡ್ರೈವರ್. "ಶಿಬಿರದಲ್ಲಿ ಕೂಗಿಸ್ತೀನಿ."

"ಬೇಡಣ್ಣ. ಹೆಸರು ಕೂಗಿದ್ರೆ ಯಾವ ಕಡೆಯವಳು ಅಂತ ಎಲ್ಲರಿಗೂ ತಿಳಿದುಹೋಗುತ್ತೆ. ಅದಕ್ಕೇ ಅವಳೂ ಹಾಡಲ್ಲಿ ಹೇಳಿರೋದು. ಇನ್ನೊಂದು ನುಡಿ ಕೊಡ್ತೀನಿ, ನೀರಿನ ಹತ್ರ ಹಾಡಿಬಿಡಿ. ಮಿಕ್ಕಿದ್ದು ಹೆಂಗಸರು ನೋಡ್ಕೋತಾರೆ."

ಬಟ್ಟೆ ಹಿಂಡುವ ಯಂತ್ರ ಗಡಗಡ ಸುತ್ತುತ್ತಿತ್ತು. ಅದರ ಸದ್ದಿಗೇ ತಲೆದೂಗುತ್ತ ಅವಳು ಕಣ್ಣು ಮುಚ್ಚಿದಳು. ನುಡಿ ತಾನಾಗಿ ಬಂತು:

ಕೂಸಿನವ್ವ ಕೇಳೆ, ದೊಡ್ಡಾಸ್ಪತ್ರೆಯ ಹಿಂಬದಿಗೆ
ಹಾಸಿಗೆಯ ಬಟ್ಟೆ ತೊಳೆಯುವ ಮನೆಯುಂಟು
ಬಾಸೆ ಕೊಡುತೀನಿ, ಕಾದಿರುವೆ

ಡ್ರೈವರ್ ಹೇಳಿಸಿಕೊಂಡು, ತಪ್ಪಿ, ಬೈಸಿಕೊಂಡು, ಕೊನೆಗೂ ಬಾಯಿಪಾಠ ಮಾಡಿದ. ಲಾರಿ ಹೊರಟಿತು. ಗೇಟಿನ ಬಳಿ ತಿರುಗುವಾಗ ಅವನ ದನಿ ಗಟ್ಟಿಯಾಗಿ ಕೇಳಿಬಂತು: "ದೊಡ್ಡಾಸ್ಪತ್ರೆಯ ಮುಂಬದಿಗೆ..."

ಅವಳು ಬರಿಗಾಲಲ್ಲೇ, ನೊರೆ ಮೆತ್ತಿದ ಎರಡೂ ಕೈ ಎತ್ತಿಕೊಂಡು ಲಾರಿಯ ಹಿಂದೆ ಓಡಿದಳು. "ಹಿಂಬದಿ, ಅಣ್ಣಾ, ಹಿಂಬದಿ. ಸೇತುವೆ ತೆರೆದ ದಿನ ಮಗು ಎತ್ಕೊಂಡು ಬರೋಳಿಗೆ ದಾರಿ ತಪ್ಪಿಸಬೇಡಿ."