ಗೊರಕೆ ಹೊಡೆಯುವ ಕಂಪ್ಯೂಟರ್

ಪ್ರೊಸೆಸರಿಗೆ ಎರಡು ಸಾವಿರ, ಹೊಸ ಫ್ಯಾನಿಗೆ ಐನೂರು, ಬಿಸಿ ಇಳಿಸುವ ಪೇಸ್ಟಿಗೆ ನೂರು. ಇಷ್ಟೂ ಕೊಟ್ಟು ಅಂಬಿಕಾ ಉಸಿರು ಬಿಗಿಹಿಡಿದು ನಿಂತಿದ್ದಳು. ಸಿಮೆಂಟ್ ಕಾರ್ಖಾನೆಯ ಊರು ವಾಡಿಯ ಈ ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದು, ಕಂಪ್ಯೂಟರಿನಲ್ಲಿ ಊರವರ ಮದುವೆ ಕಾರ್ಡು ಮಾಡಿಕೊಟ್ಟು ಉಣ್ಣುವವಳು ಅವಳು. ಪ್ರೊಸೆಸರಿನ ಒಂದು ಪಿನ್ನು ಬಾಗಿದರೂ ಈ ಸಲದ ಕಾರ್ಡುಗಳೆಲ್ಲ ಬೇರೆಯವರ ಪಾಲು.

ರಿಪೇರಿಯ ಚೌಡೇಶ ಗುರುಗುಟ್ಟುತ್ತಿದ್ದ ಕಂಪ್ಯೂಟರಿನ ಪ್ಲಗ್ ಕಿತ್ತು, ಡಬ್ಬಿಯ ತಗಡು ಮುಟ್ಟಿ ಮೈಯ ಕರೆಂಟು ಇಳಿಸಿಕೊಂಡ. ಸಿಮೆಂಟಿನ ಧೂಳು ಮೆತ್ತಿದ ಹಳೆ ಫ್ಯಾನನ್ನು ಮೆಲ್ಲಗೆ ಅಲುಗಿಸಿ ಎತ್ತಿದ.

"ಇದೇನ್ ಅಕ್ಕಾ, ಫ್ಯಾನೋ ಹಿಟ್ಟಿನ ಗಿರಣಿಯೋ? ಈ ಗದ್ದಲದಾಗ ಹ್ಯಾಂಗ್ ಮಲಗ್ತೀರಿ?"

"ಬೇರೆಯವರ ಮನ್ಯಾಗ ಗಂಡನ ಗೊರಕಿ, ನನ್ನ ಮನ್ಯಾಗ ಇದರದು. ಸುಮ್ಮ ಕೆಲಸ ನೋಡಪಾ."

ಚೌಡೇಶ ನಗುತ್ತ ಹಳೆಯ ಪ್ರೊಸೆಸರ್ ತೆಗೆದು, ಮೂಲೆಯ ಗುರುತು ಹೊಂದಿಸಿ ಹೊಸದನ್ನು ಇಳಿಬಿಟ್ಟ. "ಒತ್ತಬಾರ್ದು ಅಕ್ಕಾ, ತಾನೇ ಕುಂದ್ರಬೇಕು." ಜೋಳದ ಕಾಳಿನಷ್ಟು ಪೇಸ್ಟ್ ಇಟ್ಟು ಹೊಸ ಫ್ಯಾನ್ ಬಿಗಿದ. ಪ್ಲಗ್ ಹಾಕಿ ಗುಂಡಿ ಒತ್ತುತ್ತಲೇ ಪರದೆ ಬೆಳಗಿತು. ಅಂಬಿಕಾ ಕೈಮುಗಿದಳು.

"ಹಳೇ ಫ್ಯಾನ್ ಗುಜರಿಗಿ ಹಾಕ್ಲ್ಯಾ?"

"ಹಾಕು, ಇನ್ಯಾಕ ಬೇಕದು?"

ಅವನು ಹೋದ ಮೇಲೆ ಅವಳು ಕೂತು ಮದುಮಗನ ಹೆಸರು ಹೊಡೆದಳು. ಕೀ ಒತ್ತಿದ ಸದ್ದು ಗೋಡೆಗೆ ತಾಗಿ ಅವಳಿಗೇ ಕೇಳಿಸಿತು. ಫ್ಯಾನ್ ಬಂದ್ ಆಯಿತೇನೋ ಎಂದು ಗಾಬರಿಯಾಗಿ ಡಬ್ಬಿಗೆ ಕಿವಿ ಹಚ್ಚಿದಳು. ಒಳಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೂ ಬಹಳ ಹೊತ್ತು ಕಿವಿ ತೆಗೆಯಲಿಲ್ಲ.

ಕಂಪ್ಯೂಟರ್ ಚುರುಕಾಗಿತ್ತು. ಕೋಣೆಯಲ್ಲಿ ಅವಳ ಜೊತೆಗಿದ್ದ ಸದ್ದು ಹೋಗಿತ್ತು.