ಡಿಸ್ಚಾರ್ಜ್ ಬುಕ್ಕಿನ ತಪ್ಪು

ಬಸಲಿಂಗಪ್ಪ ಇಪ್ಪತ್ತು ವರ್ಷ ಸೈನ್ಯದಲ್ಲಿ ಅಡುಗೆ ಮಾಡಿದವನು. ಆದರೆ ನಿವೃತ್ತಿಯಾದಾಗ ಸೈನ್ಯ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ ತರಬೇತಿ, ಅದಕ್ಕೊಂದು ಪದಕ ಎಂದು ಬೇರೆ ಯಾರದೋ ವಿವರ ಸೇರಿಬಿಟ್ಟಿತ್ತು. ತಿದ್ದಿಕೊಡಿ ಎಂದು ಎರಡು ಸಲ ಬರೆದಿದ್ದ. ಮೂರನೆಯ ಅರ್ಜಿ ಹಿಡಿದು ಮಾಜಿ ಸೈನಿಕರ ಕಚೇರಿಯಲ್ಲಿ ನಿಂತಿದ್ದಾಗ ಪೊಲೀಸ್ ಇನ್‌ಸ್ಪೆಕ್ಟರ್ ಓಡಿಬಂದರು.

ಗುಜರಿ ಅಂಗಡಿಯ ಹುಸೇನಬಿ ಕಬ್ಬಿಣದ ರಾಶಿಯಿಂದ ಎತ್ತಿಕೊಂಡ ಹಳೇ ಗ್ರೆನೇಡಿನ ಪಿನ್ನು ಕಳಚಿ ಬಿದ್ದಿತ್ತು. ಅದರ ತಗಡುಪಟ್ಟಿಯನ್ನು ಒತ್ತಿ ಹಿಡಿದ ಮುಷ್ಟಿ ಸಡಿಲಿಸಿದರೆ ಸಿಡಿಯುವುದು ಖಂಡಿತ.

“ಮಾಜಿ ಸೈನಿಕರ ಪಟ್ಟಿಯೊಳಗ ಈ ಕೆಲಸ ಕಲ್ತವ್ರು ನೀವೊಬ್ರ ಅದೀರಿ. ನಡೀರಿ!”

“ಸಾಹೇಬ್ರ, ಅದು ತಪ್ಪಾಗಿ ಬರದಾರ್ರಿ. ನಾ ಅಡಗಿಯಾಂವ!”

“ಬಾಂಬಿನ ತಂಡ ಬರಾಕ ಎರಡು ತಾಸು ಬೇಕು. ಆಕಿ ಕೈ ಸೋಲಾಕತ್ತಾವ.”

ಬಸಲಿಂಗಪ್ಪ ಅರ್ಜಿಯನ್ನು ಕಿಸೆಗೆ ತುರುಕಿದ. ಇನ್‌ಸ್ಪೆಕ್ಟರ್ ಜೊತೆ ಹೋದ. ಜನರೆಲ್ಲ ದೂರ ಸರಿದಿದ್ದ ಗುಜರಿ ಅಂಗಡಿಯ ಅಂಗಳದಲ್ಲಿ ಹುಸೇನಬಿಯೆದುರು ಕೂತು, ಅವಳ ಮುಷ್ಟಿಯನ್ನು ತನ್ನೆರಡೂ ಕೈಗಳಿಂದ ಬಿಗಿಯಾಗಿ ಹಿಡಿದ.

“ಹೆದರಬ್ಯಾಡವಾ, ಇಂಥಾವು ನೂರು ತಗದೀನಿ,” ಎಂದ. ಅವಳು ಅವನ ಮುಖವನ್ನೇ ನೋಡಿ “ಹೂಂ” ಎಂದಳು.

ಕೊನೆಗೂ ತಂಡ ಬಂದು ಗ್ರೆನೇಡನ್ನು ಬಿಡಿಸಿಕೊಂಡಿತು. ಮುಖ್ಯಸ್ಥರು ಹುಸೇನಬಿಯನ್ನು ಕೇಳಿದರು: “ಇಷ್ಟೊತ್ತು ಹೆಂಗ ತಡಕೊಂಡ್ರಿ?”

“ನನ್ನ ಮಗಳ ಶಾದ್ಯಾಗ ಅಡಗಿ ಮಾಡಿದ ಅಣ್ಣಾರಿವ್ರು. ಏನೂ ಗೊತ್ತಿಲ್ಲದ ಬಂದು ನನ್ನ ಮುಂದ ಕುಂತಾರಂದಮ್ಯಾಲ ನಾ ಹೆಂಗ ಕೈ ಬಿಡ್ಲಿರಿ?”