ಜರಡಿಗೆ ಸಿಕ್ಕಿದ್ದು

ಮುನಾವರ್ ಪಾಷಾ ಜರಡಿಯ ಮೇಲೆ ಉಳಿದದ್ದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಹೆಗ್ಗಣದ ಬಾಲ, ಅದಕ್ಕೆ ಅಂಟಿಕೊಂಡ ಒಂದು ಮುದ್ದೆ ರೋಮ. ಬೆಣಚುಕಲ್ಲನ್ನು ನೀರಿನೊಂದಿಗೆ ಉರುಳಿಸಿ ಹಾಲಿನಂತೆ ಅರೆಯುವ ಗಿರಣಿ, ಒಳಗೆ ನುಗ್ಗಿದ್ದ ಹೆಗ್ಗಣವನ್ನೂ ಅಷ್ಟೇ ನಯವಾಗಿ ಅರೆದುಹಾಕಿತ್ತು. ತೊಟ್ಟಿಯ ಬಿಳಿ ರಾಡಿಯಿಂದ ಗಪ್ಪನೆ ಎದ್ದ ನಾತಕ್ಕೆ ಮುಖ ಹಿಂದಕ್ಕೆಳೆದುಕೊಂಡ.

“ಥೂ! ಇದ್ರಲ್ಲಿ ಟೀ ಕಪ್ ಮಾಡಾದಾ ಗೌಡ್ರೇ? ಎಲ್ಲಾ ಚೆಲ್ಬುಡ್ತೀನಿ.”

ಬಿಂಡಿಗನವಿಲೆ ರಸ್ತೆಯ ಆ ಪಿಂಗಾಣಿ ಕಾರ್ಖಾನೆಯ ಮಾಲೀಕ ನಂಜೇಶಗೌಡ ಶನಿವಾರದ ಒಪ್ಪೊತ್ತಿನವನು, ಹಣೆ ತುಂಬ ನಾಮ. ಬಾಲದ ಕಡೆ ತಿರುಗಿಯೂ ನೋಡಲಿಲ್ಲ. “ಸುಮ್ಕಿರ್ಲಾ ಪಾಷಾ. ಭಟ್ಟೀಲಿ ಬೆಂದ್ಮೇಲೆ ಎಗ್ಗಣ ಯಾವ್ದು, ಕಲ್ಲು ಯಾವ್ದು? ಬೆಂಕಿಗಿಂತ ಮಡಿ ಇನ್ಯಾವ್ದದೆ? ಸೋಸಿ ಅಚ್ಚಿಗೆ ಉಯ್ಯಿ.”

ಅಷ್ಟರಲ್ಲಿ ಬೆಟ್ಟಮ್ಮ ಟೀ ತಂದಳು. ಆಳುಗಳಿಗೆಲ್ಲ ಅಲ್ಲೇ ತಯಾರಾದ, ಅಂಚು ಮುಕ್ಕಾದ ಕಪ್ಪುಗಳು. ಗೌಡರಿಗೆ ಮಾತ್ರ ಯಾವತ್ತಿನಂತೆ ಚೀಲದಿಂದ ಪೇಪರ್ ಲೋಟ ತೆಗೆದಳು. ಗೌಡರು ಮಡಿವಂತರು, ನಾಲ್ಕು ಜನ ಬಾಯಿಟ್ಟ ಕಪ್ಪಲ್ಲಿ ಕುಡಿಯುವುದಿಲ್ಲ ಎಂದೇ ಪಾಷಾ ಇಷ್ಟು ದಿನ ಅಂದುಕೊಂಡಿದ್ದ. ನಾತ ಮರೆಯಲೆಂದು ಬಿಸಿ ಟೀ ಗುಟುಕರಿಸಿದವನ ಕಣ್ಣು ಆ ಲೋಟದ ಮೇಲೆ ಬಿತ್ತು. ಬಾಯಲ್ಲಿದ್ದ ಟೀಯನ್ನು ನೆಲಕ್ಕೆ ಉಗಿದು, ತುಟಿ ಒರೆಸಿಕೊಂಡು ಕೇಳಿದ:

“ಗೌಡ್ರೇ, ಇದು ಎಷ್ಟ್ನೇ ಎಗ್ಗಣ?”